ಒಸಾಕಾದ ಕೈಯುಕಾನ್‌ಗೆ ಎಷ್ಟು ಹೊತ್ತು ಬೇಕು? ಹೋಗಿಬಂದವರ ಅನುಭವ

ಕೇಳಿದ್ದು:

ನವೆಂಬರ್ ಎರಡನೆಯ ವಾರ ನಾವು ಒಸಾಕಾದಲ್ಲಿ ನಾಲ್ಕು ದಿನ ಇರುತ್ತೇವೆ. ನಾನು, ನನ್ನ ಪತಿ, ಆರು ವರ್ಷದ ಮಗಳು, ಎಪ್ಪತ್ತೆರಡು ವರ್ಷದ ಅತ್ತೆ. ಮಗಳಿಗೆ ಮೀನೆಂದರೆ ಪ್ರಾಣ. ದಿನಕ್ಕೊಂದು ವೇಲ್ ಶಾರ್ಕ್ ಚಿತ್ರ ಬರೆಯದೆ ಮಲಗುವುದಿಲ್ಲ. ಅತ್ತೆಗೆ ಮಂಡಿನೋವು, ಜೊತೆಗೆ ಅವರು ಶುದ್ಧ ಸಸ್ಯಾಹಾರಿ. ಬೆಳಿಗ್ಗೆ ಕೈಯುಕಾನ್ ಅಕ್ವೇರಿಯಂ, ಮಧ್ಯಾಹ್ನ ಒಸಾಕಾ ಕೋಟೆ, ಸಂಜೆ ಪಕ್ಕದ ನಾರಾ ಊರಿನ ಜಿಂಕೆಗಳು ಎಂದು ಒಂದೇ ದಿನಕ್ಕೆ ಬರೆದಿಟ್ಟುಕೊಂಡಿದ್ದೇನೆ. ಇದು ಆಗುವ ಮಾತೇ? ಅಕ್ವೇರಿಯಂಗೆ ಎರಡು ಗಂಟೆ ಸಾಕೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಒಸಾಕಾದಲ್ಲಿ ಐದು ವರ್ಷ ಇದ್ದವರು:

ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ ಮೇಡಂ. ನವೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ನೀವು ನಾರಾ ತಲುಪುವಾಗ ಕತ್ತಲಾಗಿ, ಜಿಂಕೆಯೂ ಕಾಣುವುದಿಲ್ಲ, ದೇವಾಲಯದ ಬಾಗಿಲೂ ಮುಚ್ಚಿರುತ್ತದೆ.

ಕೈಯುಕಾನ್‌ಗೆ ಎರಡು ಗಂಟೆ ಸಾಕು ಎನ್ನುವವರು ಸಿಗುತ್ತಾರೆ. ಸುಮ್ಮನೆ ನಡೆದು ಹೊರಬರಲು ಸಾಕು, ನಿಜ. ಆದರೆ ಆ ಕಟ್ಟಡವನ್ನು ಕಟ್ಟಿರುವುದೇ ನಿಧಾನವಾಗಿ ಇಳಿಯುವುದಕ್ಕೆ. ಉದ್ದನೆಯ ಎಸ್ಕಲೇಟರ್ ಮೊದಲು ನಿಮ್ಮನ್ನು ಎಂಟನೆಯ ಮಹಡಿಗೆ ಒಯ್ಯುತ್ತದೆ. ಅಲ್ಲಿ ಸಿಗುವುದು ಸಮುದ್ರವಲ್ಲ, ಜಪಾನಿನ ಕಾಡು, ಹರಿಯುವ ತೊರೆ, ನೀರುನಾಯಿಗಳು. ಅಲ್ಲಿಂದ ಸುತ್ತು ಸುತ್ತಾಗಿ ಕೆಳಗಿಳಿಯುತ್ತೀರಿ. ದಾರಿಯ ಒಂದು ಪಕ್ಕದಲ್ಲಿ ಪೆಸಿಫಿಕ್ ಸಾಗರದ ಅಂಚಿನ ತಾಣಗಳು ಒಂದೊಂದಾಗಿ ಬರುತ್ತವೆ: ಅಲ್ಯೂಷಿಯನ್ ದ್ವೀಪಗಳು, ಮಾಂಟೆರೆ ಕೊಲ್ಲಿ, ಪನಾಮಾ, ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳು, ಗ್ರೇಟ್ ಬ್ಯಾರಿಯರ್ ರೀಫ್. ನಡುವೆ ಸಾಗರವೇ ಇದೆ. 9 ಮೀಟರ್ ಆಳದ, 5,400 ಟನ್ ನೀರಿನ ತೊಟ್ಟಿ. ಅದನ್ನು ಒಂದು ಸಲ ನೋಡಿ ಮುಗಿಸುವುದಲ್ಲ. ಮೇಲಿನ ಹಂತದಲ್ಲಿ ಬೆಳಕು ಬೀಳುವ ನೀರಿನ ಮೇಲ್ಭಾಗ, ಒಂದು ಸುತ್ತು ಇಳಿದರೆ ನಡುನೀರು, ಇನ್ನೂ ಇಳಿದರೆ ತಳದ ಮಂಕು. ಅದೇ ವೇಲ್ ಶಾರ್ಕ್ ಮೇಲೆ ಬೆನ್ನು ತೋರಿಸಿದ್ದು ಕೆಳಗೆ ಹೊಟ್ಟೆ ತೋರಿಸುತ್ತಾ ತಲೆಯ ಮೇಲೆ ಹಾದುಹೋಗುತ್ತದೆ. ಇದಕ್ಕೆ ಅರ್ಧ ದಿನ ಕೊಡದಿದ್ದರೆ ಅಷ್ಟು ದೂರ ಹೋಗಿ ಏನು ಪ್ರಯೋಜನ?

ಸುರಂಗ ರೈಲಿನ ಚುವೊ ಲೈನ್ ಹಿಡಿದು ಒಸಾಕಾಕೊ ನಿಲ್ದಾಣದಲ್ಲಿ ಇಳಿಯಿರಿ. ಒಸಾಕಾ ಬೇರೆ, ಶಿನ್-ಒಸಾಕಾ ಬೇರೆ, ಒಸಾಕಾಕೊ ಬೇರೆ. 'ಕೊ' ಅಂದರೆ ಬಂದರು. ಈ ಒಂದಕ್ಷರ ಬಿಟ್ಟು ದಾರಿ ಹುಡುಕಿದವರು ಊರಿನ ಇನ್ನೊಂದು ತುದಿಯಲ್ಲಿ ನಿಂತು ಫೋನ್ ಮಾಡಿದ್ದುಂಟು.

ಮಗನೊಂದಿಗೆ ಹೋಗಿಬಂದ ತಂದೆ:

ಟಿಕೆಟ್ ವಿಷಯ ನಾನು ಹೇಳುತ್ತೇನೆ, ನೊಂದು ಕಲಿತದ್ದು. ಅಲ್ಲಿ ದಿನಾಂಕದ ಜೊತೆಗೆ ಒಳಹೋಗುವ ಸಮಯಕ್ಕೂ ಟಿಕೆಟ್ ಕಾಯ್ದಿರಿಸಬೇಕು. ದೊಡ್ಡವರ ಬೆಲೆ ದಿನಕ್ಕೆ ತಕ್ಕಂತೆ ಏರಿಳಿಯುತ್ತದೆ. ನಾನು ನೋಡಿದಾಗ ಸುಮಾರು 2,700ರಿಂದ 3,500 ಯೆನ್‌ವರೆಗೆ ಇತ್ತು. ನಮ್ಮ ಪ್ರವಾಸವನ್ನು ಏರ್ಪಡಿಸಿದ್ದವರು ಭಾನುವಾರ ಹನ್ನೊಂದೂವರೆಯ ಸಮಯ ಹಿಡಿದು, ಎರಡು ಗಂಟೆಗೆ ಮುಂದಿನ ಜಾಗಕ್ಕೆ ವಾಹನ ಗೊತ್ತುಮಾಡಿದ್ದರು. ಒಳಗೆ ಜನವೋ ಜನ. ನನ್ನ ಮಗ ದೊಡ್ಡ ತೊಟ್ಟಿಯ ಮುಂದೆ ನಿಂತವನು ಕದಲಲೇ ಇಲ್ಲ. ನಾನು ಗಡಿಯಾರ ನೋಡಿ ನೋಡಿ ಅವನ ಕೈ ಹಿಡಿದು ಎಳೆದೆ. ಹೊರಗೆ ಬಂದ ಮೇಲೆ ಅವನು, "ಅಪ್ಪಾ, ಅದು ಇನ್ನೊಂದು ಸುತ್ತು ಬರುತ್ತಿತ್ತು" ಎಂದ. ಎರಡು ವರ್ಷವಾಯಿತು, ಆ ಮಾತು ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ವಾರದ ನಡುವಿನ ದಿನ ಹೋಗಿ. ಬೆಳಿಗ್ಗೆ ಶಾಲಾಮಕ್ಕಳ ಗುಂಪುಗಳು ಇರಬಹುದು. ಮಧ್ಯಾಹ್ನ ಮೂರರ ಮೇಲೆ ಒಳಹೋದರೆ ಜನ ಕರಗುತ್ತಾ ಬರುತ್ತಾರೆ. ಸಂಜೆಯಾದಂತೆ ಒಳಗಿನ ದೀಪಗಳೂ ಮಂದವಾಗಿ ತೊಟ್ಟಿಯ ಬಣ್ಣವೇ ಬೇರೆಯಾಗುತ್ತದೆ. ಅಲ್ಲಿಂದ ಮುಂದಕ್ಕೆ ಆ ದಿನ ಏನನ್ನೂ ಇಟ್ಟುಕೊಳ್ಳಬೇಡಿ.

ಫೋಟೊ ತೆಗೆಯುವುದಾದರೆ ಫ್ಲ್ಯಾಶ್ ಆರಿಸಿಡಿ. ಅದು ಜೀವಿಗಳಿಗೂ ಹಿಂಸೆ, ಚಿತ್ರದಲ್ಲೂ ಬಿಳಿ ಮಚ್ಚೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅದು ಗಾಜಲ್ಲ, ದಪ್ಪ ಅಕ್ರಿಲಿಕ್. ಓರೆಯಾಗಿ ತೆಗೆದರೆ ಮೀನು ಕಲಸಿದಂತೆ ಬರುತ್ತದೆ. ಮೊಬೈಲನ್ನು ನೇರವಾಗಿ ಅಕ್ರಿಲಿಕ್‌ಗೆ ತಾಗಿಸಿ ಹಿಡಿಯಿರಿ. ಗಾಢ ಬಣ್ಣದ ಅಂಗಿ ಹಾಕಿಕೊಂಡರೆ ನಿಮ್ಮ ಪ್ರತಿಬಿಂಬವೂ ಬೀಳುವುದಿಲ್ಲ.

ಅರುವತ್ತೆಂಟರ ಹಿರಿಯರೊಬ್ಬರು:

ನೋಡಮ್ಮ, ನನ್ನ ಮಂಡಿಗಳೂ ನಿನ್ನ ಅತ್ತೆಯ ಮಂಡಿಗಳಂತೆಯೇ. ಹಾಗಾಗಿ ಧೈರ್ಯದಿಂದ ಹೇಳುತ್ತೇನೆ. ಕೈಯುಕಾನ್‌ನಲ್ಲಿ ಹತ್ತುವ ಕಷ್ಟ ಇಲ್ಲ, ಬಹುಪಾಲು ಇಳಿಜಾರು. ಆದರೆ ಮಂಡಿನೋವಿನವರಿಗೆ ಇಳಿಜಾರೂ ನೋವೇ, ಅದನ್ನು ಚಿಕ್ಕವರು ಮರೆಯುತ್ತಾರೆ. ಗಾಲಿಕುರ್ಚಿಯಲ್ಲಿ ಇಡೀ ದಾರಿ ಹೋಗಬಹುದು. "ನನಗೇನಾಗಿದೆ, ನಡೆಯುತ್ತೇನೆ" ಎಂದು ಅತ್ತೆ ಹೇಳುತ್ತಾರೆ, ನಾನೂ ಹೇಳಿದ್ದೆ. ಆಮೇಲೆ ಕೂತುಕೊಂಡೇ ನೋಡಿದೆ, ಆಗಲೇ ಚೆನ್ನಾಗಿ ನೋಡಿದ್ದು. ದೊಡ್ಡ ತೊಟ್ಟಿಯ ಎದುರು ಕೂರಲು ಜಾಗ ಸಿಕ್ಕರೆ ಬಿಡಬೇಡಿ. ಅತ್ತೆಯೂ ಮೊಮ್ಮಗಳೂ ಅಲ್ಲೇ ಕೂರಲಿ, ನೀವಿಬ್ಬರು ಸುತ್ತಿ ಬನ್ನಿ.

ಸುತ್ತಿ ಇಳಿಯುವ ದಾರಿ ಮುಗಿಯುವಲ್ಲಿ ಜಪಾನಿನ ಆಳಗಡಲಿನ ಜೇಡ ಏಡಿಗಳಿವೆ. ಕಾಲು ಚಾಚಿದರೆ ಮೂರೂವರೆ ಮೀಟರಿಗೂ ಮೇಲೆ ಬೆಳೆಯುವ ಜಾತಿ. ಸುಸ್ತಾಗಿದೆ ಎಂದು ಅವನ್ನು ಬಿಟ್ಟು ಬರುವವರೇ ಹೆಚ್ಚು. ನೀವು ಬಿಡಬೇಡಿ. ಒಂದು ಕಾಲು ಎತ್ತಿ ಇಡಲು ಅವು ತೆಗೆದುಕೊಳ್ಳುವ ಹೊತ್ತು ನೋಡಿ ನನ್ನ ವಯಸ್ಸಿನವರಿಗೆ ಎಷ್ಟು ಸಮಾಧಾನವಾಗುತ್ತದೆ ಗೊತ್ತೇ!

ಒಸಾಕಾ ಕೋಟೆಯೂ ಮಂಡಿಗೆ ಆಗಿಬರುತ್ತದೆ. ಟೊಯೊಟೊಮಿ ಹಿದೆಯೋಶಿ 1583ರಲ್ಲಿ ಕಟ್ಟಲು ತೊಡಗಿದ ಕೋಟೆ ಅದು. ಆದರೆ ಈಗ ಕಾಣುವ ಗೋಪುರ 1931ರ ಕಾಂಕ್ರೀಟು, ಒಳಗೆ ಲಿಫ್ಟ್ ಇದೆ. ಹಳೆಯ ಮರದ ಕೋಟೆ ಬೇಕೆಂದು ಯಾರಾದರೂ ಹಿಮೇಜಿಗೆ ಕಳುಹಿಸಿದರೆ ಅತ್ತೆಯನ್ನು ಕರೆದೊಯ್ಯಬೇಡಿ. ಚೆಲುವಿಗೆ ಅದಕ್ಕೆ ಎಣೆಯಿಲ್ಲ, 1609ರಿಂದ ನಿಂತಿದೆ. ಆದರೆ ಒಳಗೆ ಏಣಿಯಷ್ಟು ಕಡಿದಾದ ಮರದ ಮೆಟ್ಟಿಲು, ಅದೂ ಚಪ್ಪಲಿ ಕಳಚಿ ಹತ್ತಬೇಕು.

ಒಕಿನಾವಾಗೆ ಹೋದವರು:

ವೇಲ್ ಶಾರ್ಕ್‌ಗಾಗಿಯೇ ಹೋಗುವುದಾದರೆ ನನ್ನ ಮತ ಒಕಿನಾವಾ ದ್ವೀಪದ ಚುರೌಮಿ ಅಕ್ವೇರಿಯಂಗೆ. 2002ರಲ್ಲಿ ತೆರೆದದ್ದು. ಅಲ್ಲಿನ ಕುರೊಶಿಯೊ ತೊಟ್ಟಿ 7,500 ಘನ ಮೀಟರ್, ಎದುರಿನ ಅಕ್ರಿಲಿಕ್ ಫಲಕ ಒಂದೇ 22.5 ಮೀಟರ್ ಅಗಲ, 8.2 ಮೀಟರ್ ಎತ್ತರ, 60 ಸೆಂಟಿಮೀಟರ್ ದಪ್ಪ. ಊಟದ ಹೊತ್ತಿಗೆ ವೇಲ್ ಶಾರ್ಕ್ ಕಂಬದಂತೆ ನೆಟ್ಟಗೆ ನಿಂತು ನೀರನ್ನು ಹೀರುತ್ತದೆ. ಕೈಯುಕಾನ್ ನನಗೂ ಇಷ್ಟ, ಆದರೆ ಅಲ್ಲಿ ಸಾಗರವನ್ನು ಕಿಟಕಿ ಕಿಟಕಿಯಾಗಿ ನೋಡುತ್ತೇವೆ. ಚುರೌಮಿಯಲ್ಲಿ ಅದು ಒಮ್ಮೆಗೇ ಎದುರು ನಿಲ್ಲುತ್ತದೆ.

ಒಸಾಕಾದಲ್ಲಿ ಐದು ವರ್ಷ ಇದ್ದವರು:

ಒಪ್ಪುತ್ತೇನೆ, ಆದರೆ ನಾಲ್ಕು ದಿನದಲ್ಲಿ ಒಕಿನಾವಾ ಸೇರಿಸಲು ವಿಮಾನ ಹತ್ತಬೇಕು. ವಿಮಾನ ಇಳಿಯುವ ನಾಹಾದಿಂದ ಚುರೌಮಿಗೆ ಮತ್ತೆ ರಸ್ತೆಯಲ್ಲಿ ಎರಡು ಗಂಟೆ. ಮಗುವನ್ನೂ ಹಿರಿಯರನ್ನೂ ಕಟ್ಟಿಕೊಂಡು ಈ ಸಲ ಬೇಡ.

ಹೋಗಲು ಮನಸ್ಸಿಲ್ಲದವರು:

ಯಾರಿಗೂ ಬೇಸರ ಮಾಡಲು ಬರೆಯುತ್ತಿಲ್ಲ. ಹದಿನೆಂಟು ಮೀಟರ್‌ವರೆಗೆ ಬೆಳೆಯಬಲ್ಲ, ಸಾವಿರಾರು ಕಿಲೋಮೀಟರ್ ಈಜುವ ಪ್ರಾಣಿಯನ್ನು ತೊಟ್ಟಿಯಲ್ಲಿ ಸುತ್ತಿಸುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. 2016ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಮಗುವನ್ನು ಕರೆದೊಯ್ಯಿರಿ, ಆದರೆ ಈ ಮಾತನ್ನೂ ಅವಳಿಗೆ ತಿಳಿಯುವಂತೆ ಹೇಳಿ.

ಮಗನೊಂದಿಗೆ ಹೋಗಿಬಂದ ತಂದೆ:

ನಿಮ್ಮ ಮಾತು ನನಗೂ ಚುಚ್ಚಿದೆ, ಅದನ್ನು ತಳ್ಳಿಹಾಕಲಾರೆ. ನನಗೆ ಗೊತ್ತಿರುವುದಿಷ್ಟು: ಕೈಯುಕಾನ್‌ಗೆ ಬರುವ ವೇಲ್ ಶಾರ್ಕ್‌ಗಳು ಮೀನುಗಾರರು ಜಪಾನಿನ ಕೊಚಿ ತೀರದಲ್ಲಿ ಕಟ್ಟಿದ ಬಲೆಗೆ ತಾವಾಗಿ ಸಿಕ್ಕವು. ಅವುಗಳಲ್ಲಿ ಕೆಲವನ್ನು ಚಲನವಲನ ತಿಳಿಸುವ ಉಪಕರಣ ಕಟ್ಟಿ ಮತ್ತೆ ಕಡಲಿಗೆ ಬಿಟ್ಟಿದ್ದಾರೆ. ಕೈಯುಕಾನ್ ಎಂಬ ಹೆಸರಿನಲ್ಲಿ 'ಕೈ' ಅಂದರೆ ಕಡಲು, 'ಯು' ಅಂದರೆ ಆಟ. ಗಂಡಿಗೆ ಕೈ, ಹೆಣ್ಣಿಗೆ ಯು ಎಂದು ಹೆಸರು. ಒಂದು ಹೋಗಿ ಇನ್ನೊಂದು ಬಂದಾಗ ಹೆಸರು ಅದಕ್ಕೆ ದಾಟುತ್ತದೆ. ಇಷ್ಟಕ್ಕೆ ನಿಮ್ಮ ಪ್ರಶ್ನೆ ಮುಗಿಯುತ್ತದೆ ಎಂದು ನಾನು ಹೇಳುತ್ತಿಲ್ಲ.

ಜೀವಶಾಸ್ತ್ರ ಪಾಠ ಮಾಡುವವರು:

ಮಗಳು ವೇಲ್ ಶಾರ್ಕ್ ಚಿತ್ರ ಬರೆಯುತ್ತಾಳೆ ಎಂದಿರಲ್ಲ, ಅದನ್ನು ಓದಿ ಬಹಳ ಸಂತೋಷವಾಯಿತು. ಅವಳಿಗೆ ಒಂದು ಕೆಲಸ ಕೊಡಿ. ವೇಲ್ ಶಾರ್ಕ್‌ನ ಮೈಮೇಲಿನ ಚುಕ್ಕೆಗಳು ನಮ್ಮ ಬೆರಳಚ್ಚಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಕಿವಿರುಗಳ ಹಿಂದೆ, ಪಕ್ಕೆಯ ಮೇಲಿನ ಚುಕ್ಕೆಗಳ ಫೋಟೊ ನೋಡಿ ಸಂಶೋಧಕರು ಪ್ರತಿಯೊಂದನ್ನೂ ಗುರುತಿಸುತ್ತಾರೆ. ಹೋಲಿಸಿ ನೋಡುವ ಲೆಕ್ಕವನ್ನು ಎಲ್ಲಿಂದ ತಂದರು ಗೊತ್ತೇ? ಖಗೋಳ ವಿಜ್ಞಾನದಿಂದ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳ ವಿನ್ಯಾಸವನ್ನು ಹೊಂದಿಸಿ ನೋಡುವ ವಿಧಾನವನ್ನೇ ಈ ಮೀನಿನ ಚುಕ್ಕೆಗಳಿಗೆ ಅಳವಡಿಸಿದರು.

ಮಗಳು ಒಂದು ಪುಸ್ತಕ, ಪೆನ್ಸಿಲ್ ಹಿಡಿದು ಒಂದೇ ಪಕ್ಕೆಯನ್ನು, ಉದಾಹರಣೆಗೆ ಎಡಪಕ್ಕೆಯನ್ನು, ನೋಡಲಿ. ಮೀನು ಪ್ರತಿ ಸಲ ಹಾದುಹೋದಾಗ ನಾಲ್ಕು ನಾಲ್ಕು ಚುಕ್ಕೆ ಗುರುತು ಮಾಡಲಿ. ಮಹಡಿ ಇಳಿದ ಮೇಲೆ ಎದುರಾದದ್ದು ಅದೇ ಮೀನೋ ಬೇರೆಯದೋ ಎಂದು ಅವಳೇ ಹೇಳುತ್ತಾಳೆ. "ಇಷ್ಟು ದೊಡ್ಡ ಶಾರ್ಕ್ ಪಕ್ಕದ ಮೀನನ್ನು ಏಕೆ ತಿನ್ನುವುದಿಲ್ಲ" ಎಂದೂ ಕೇಳಿಯೇ ಕೇಳುತ್ತಾಳೆ. ಅದರ ಹಲ್ಲು ಅಕ್ಕಿಕಾಳಿನಷ್ಟು ಪುಟ್ಟದು, ಅದು ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುತ್ತದೆ.

ಹೊರಬರುವ ಮೊದಲು ಮಾಲ್ಡೀವ್ಸ್ ವಿಭಾಗದಲ್ಲಿ ತೊರಕೆ ಮೀನನ್ನೂ ಸಣ್ಣ ಶಾರ್ಕನ್ನೂ ಮುಟ್ಟುವ ಕೊಳವಿದೆ. ಅಲ್ಲಿನವರು ಹೇಳಿದಂತೆ ಕೈ ತೊಳೆದು, ಬೆನ್ನನ್ನು ಮಾತ್ರ ಮೃದುವಾಗಿ ಮುಟ್ಟಲಿ.

ಸಸ್ಯಾಹಾರಿಯಾಗಿ ಸುತ್ತಿಬಂದವರು:

ಜಪಾನಿನಲ್ಲಿ ತರಕಾರಿ ಮಾತ್ರ ತೇಲುತ್ತಿರುವ ಸಾರಿನಲ್ಲೂ 'ದಾಶಿ' ಇರುತ್ತದೆ. ಹೆಚ್ಚಾಗಿ ಅದು ಒಣಮೀನಿನಿಂದ ಕುದಿಸಿದ ರಸ. ಮಾಂಸ ಬೇಡ ಎಂದರೆ ಸಾಲದು, ಮೀನಿನ ದಾಶಿಯೂ ಬೇಡ ಎಂದು ಜಪಾನಿಯಲ್ಲಿ ಬರೆಸಿಕೊಂಡು ತೋರಿಸಿ. ಅಂಗಡಿಗಳಲ್ಲಿ 'ಉಮೆ' ಹುಳಿಹಣ್ಣಿನ ಅನ್ನದ ಉಂಡೆ ಸಿಗುತ್ತದೆ, ಪೊಟ್ಟಣದ ಮೇಲಿನ ಬರಹಕ್ಕೆ ಮೊಬೈಲ್ ಹಿಡಿದು ಅನುವಾದ ನೋಡಿ ಕೊಳ್ಳಿ. ಅಕ್ವೇರಿಯಂ ಸುತ್ತ ಹುಡುಕಾಡುವುದಕ್ಕಿಂತ ಅತ್ತೆಯ ಊಟ ಕೈಯಲ್ಲಿರಲಿ.

ನಾರಾಗೆ ಮೂರು ಸಲ ಹೋದವರು:

ನಾರಾಗೆ ಇಡೀ ದಿನ ಕೊಡಿ, ಬೆಳಿಗ್ಗೆ ಬೇಗ ಹೊರಡಿ. ಒಸಾಕಾ-ನಂಬಾದಿಂದ ಕಿಂತೆತ್ಸು ರೈಲಿನಲ್ಲಿ ಸುಮಾರು ನಲವತ್ತು ನಿಮಿಷ. ಕಿಂತೆತ್ಸು-ನಾರಾ ನಿಲ್ದಾಣವೇ ಉದ್ಯಾನಕ್ಕೆ ಹತ್ತಿರ, ಜೆಆರ್ ಎಂಬ ಇನ್ನೊಂದು ರೈಲಿನ ನಿಲ್ದಾಣದಿಂದ ನಡಿಗೆ ಹೆಚ್ಚು. ಜಿಂಕೆಗಳಿಗೆ ಅಲ್ಲಿ ಮಾರುವ ಬಿಸ್ಕತ್ತು ಬಿಟ್ಟು ಬೇರೇನೂ ಕೊಡಬಾರದು. ಬಿಸ್ಕತ್ತು ತೋರಿಸಿ ಆಟವಾಡಿಸಿದರೆ ಕಚ್ಚುತ್ತವೆ. ಮಗಳ ಚಿತ್ರದ ಪುಸ್ತಕವನ್ನು ಚೀಲದೊಳಗೆ ಇಡಿ, ಕಾಗದವನ್ನೂ ಬಿಡುವುದಿಲ್ಲ.

ಅಲ್ಲಿನ ತೊದಾಯ್‌ಜಿ ದೇವಾಲಯದ ಮಹಾಬುದ್ಧನನ್ನು ಅತ್ತೆಗೆ ತೋರಿಸಲೇಬೇಕು. ಸುಮಾರು 15 ಮೀಟರ್ ಎತ್ತರದ ಕಂಚಿನ ಮೂರ್ತಿ. 752ರಲ್ಲಿ ಅದರ ಕಣ್ಣು ತೆರೆಯುವ ವಿಧಿ ನಡೆಸಿದ್ದು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಇದು ಗೊತ್ತಿಲ್ಲದೆ ನಾನು ಎರಡು ಸಲ ನೋಡಿ ಬಂದಿದ್ದೆ. ಮೂರನೆಯ ಸಲ ಗೊತ್ತಿದ್ದು ಹೋದಾಗ ಆ ಕಣ್ಣುಗಳ ಎದುರಿನಿಂದ ಬೇಗ ಏಳಲಾಗಲಿಲ್ಲ.

ಕೇಳಿದವರು:

ಎಲ್ಲರಿಗೂ ಮನಸಾರೆ ಕೃತಜ್ಞತೆ. ಪಟ್ಟಿಯನ್ನು ಹರಿದು ಹೊಸದಾಗಿ ಬರೆದೆ. ಒಂದು ದಿನ ಪೂರ್ತಿ ನಾರಾ. ಬುಧವಾರ ಬೆಳಿಗ್ಗೆ ವಿಶ್ರಾಂತಿ, ಮಧ್ಯಾಹ್ನ ಮೂರಕ್ಕೆ ಕೈಯುಕಾನ್, ಆಮೇಲೆ ಏನೂ ಇಲ್ಲ. ಕೋಟೆ ಮರುದಿನ. ಅತ್ತೆಗೆ ಬೋಧಿಸೇನನ ವಿಷಯ ಹೇಳಿದೆ, ಈಗ ಅವರೇ ದಿನ ಎಣಿಸುತ್ತಿದ್ದಾರೆ. ಚುಕ್ಕೆಯ ಕೆಲಸ ಕೇಳಿ ಮಗಳು ಇವತ್ತೇ ಎರಡು ಪೆನ್ಸಿಲ್ ಚೂಪು ಮಾಡಿಟ್ಟಿದ್ದಾಳೆ. ತೊಟ್ಟಿಯ ಪ್ರಾಣಿಯ ಬಗ್ಗೆ ಬರೆದವರ ಮಾತನ್ನೂ ಅವಳಿಗೆ ಹೇಳಿದೆ. "ಹಾಗಾದರೆ ಚುಕ್ಕೆ ಬರೆದುಕೊಂಡರೆ, ಕಡಲಿಗೆ ಬಿಟ್ಟ ಮೇಲೂ ಗುರುತು ಸಿಗುತ್ತದಲ್ಲ" ಎಂದಳು. ಬುಧವಾರ ಬೆಳಿಗ್ಗೆ ಅತ್ತೆ ಮಲಗಿರುವಾಗ ಮಗಳೊಂದಿಗೆ ಒಂದೆರಡು ಗಂಟೆ ಅಲ್ಲೇ ಸುತ್ತಮುತ್ತ ಕಳೆಯಲು ಏನಾದರೂ ಇದೆಯೇ?

ಒಸಾಕಾದಲ್ಲಿ ಐದು ವರ್ಷ ಇದ್ದವರು:

ಇದೆ. ಅಕ್ವೇರಿಯಂ ಪಕ್ಕದಲ್ಲೇ 112.5 ಮೀಟರ್ ಎತ್ತರದ ಜೈಂಟ್ ವೀಲ್ ಇದೆ, ಒಂದು ಸುತ್ತಿಗೆ ಹದಿನೈದು ನಿಮಿಷ. ಅದಕ್ಕಿಂತ ನನಗೆ ಇಷ್ಟವಾದದ್ದು ಅದರ ಹತ್ತಿರದ ಟೆಂಪೊಜಾನ್ ಬೆಟ್ಟ. ಎತ್ತರ 4.53 ಮೀಟರ್! 1831ರಲ್ಲಿ ಅಜಿ ನದಿಯ ಹೂಳೆತ್ತಿ ರಾಶಿ ಹಾಕಿದ ಮಣ್ಣು ಅದು. ಆರು ವರ್ಷದವಳು ಒಂದು ಬೆಟ್ಟವನ್ನು ಪೂರ್ತಿ ಹತ್ತಿ ಇಳಿಯಬಹುದು. ಬೆಟ್ಟದ ಬುಡದಲ್ಲೇ ನದಿ ದಾಟಿಸುವ ನಗರಸಭೆಯ ದೋಣಿ ಸಿಗುತ್ತದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಹತ್ತಬಹುದು. ಸೈಕಲ್ ಹಿಡಿದ ಊರಿನವರ ಜೊತೆ ನಿಂತು ಕೆಲವೇ ನಿಮಿಷದಲ್ಲಿ ಆಚೆ ದಡ ಸೇರುತ್ತೀರಿ. ಹಗಲಿನಲ್ಲಿ ಹೆಚ್ಚಾಗಿ ಅರ್ಧ ಗಂಟೆಗೊಂದು ಬಿಡುತ್ತಾರೆ, ದಡದ ಫಲಕದಲ್ಲಿ ವೇಳೆ ನೋಡಿಕೊಳ್ಳಿ. ಅದರಲ್ಲೇ ತಿರುಗಿ ಬನ್ನಿ, ಊಟ ಮುಗಿಸಿ ಅತ್ತೆಯನ್ನು ಕರೆದುಕೊಂಡು ಮೂರಕ್ಕೆ ಬಾಗಿಲಲ್ಲಿರಬಹುದು.