ರೇಸಿಂಗ್ ಸ್ಕೀಗಳ ಅಂಚು: ಯಂತ್ರದ ಸಾಣೆಯೋ, ಕೈಸಾಣೆಯೋ?

ಪ್ರಶ್ನೆ:
ನಾವು ಕೊಲೊರಾಡೋದಲ್ಲಿ ನೆಲೆಸಿದ್ದೇವೆ. ಮಗಳು ಇಲ್ಲಿನ ಕ್ಲಬ್ಬಿನ ಪರವಾಗಿ ಸ್ಲಾಲೊಮ್ ಮತ್ತು ಜೈಂಟ್ ಸ್ಲಾಲೊಮ್ (ಹಿಮದ ಇಳಿಜಾರಿನಲ್ಲಿ ನೆಟ್ಟ ಕಂಬಗಳನ್ನು ಸುತ್ತಿ ತಿರುಗುತ್ತ ಇಳಿಯುವ) ಸ್ಕೀ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಾಳೆ. ಇದುವರೆಗೆ ಅವಳ ಸ್ಕೀಗಳನ್ನು ಅಂಗಡಿಯ ಯಂತ್ರದಲ್ಲೇ ಸಾಣೆ ಹಿಡಿಸುತ್ತಿದ್ದೆವು. ಈಗ ತರಬೇತುದಾರರು ಅಂಚುಗಳನ್ನು ಮನೆಯಲ್ಲಿ ಕೈಯಿಂದಲೇ ಮಸೆಯಬೇಕೆನ್ನುತ್ತಾರೆ. ಯಂತ್ರವೇ ಕೋನವನ್ನು ಇಷ್ಟು ನಿಖರವಾಗಿ ಕೊಡುವಾಗ ಕೈಕೆಲಸದಿಂದ ಹೆಚ್ಚಿನ ಪ್ರಯೋಜನವೇನು? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ತರಬೇತುದಾರರು ಹೇಳಿದ್ದು ಸರಿಯಾಗಿಯೇ ಇದೆ, ಆದರೆ ಅಂಚಿನ ಮಟ್ಟಿಗೆ ಮಾತ್ರ. ತಳವನ್ನು ಸಮತಟ್ಟು ಮಾಡಿ ಅದರ ಮೇಲೆ ಸೂಕ್ಷ್ಮ ಗೆರೆಗಳನ್ನು ಮೂಡಿಸುವ ಕೆಲಸಕ್ಕೆ ಸಾಣೆಕಲ್ಲಿನ ಯಂತ್ರವೇ ಬೇಕು. ತಣ್ಣನೆಯ ಒಣ ಹಿಮಕ್ಕೆ ನವಿರಾದ ಗೆರೆಗಳೂ ಕರಗುತ್ತಿರುವ ಒದ್ದೆ ಹಿಮಕ್ಕೆ ಒರಟಾದ ಗೆರೆಗಳೂ ಹೊಂದುತ್ತವೆ, ಅವನ್ನು ಉದ್ದಕ್ಕೂ ಒಂದೇ ಸಮನಾಗಿ ಕೈಯಿಂದ ತರುವುದು ಬಹಳ ಕಷ್ಟ.

ಅಂಚಿನ ವಿಷಯ ಬೇರೆ. ಸ್ಕೀಯ ತಳದ ಎರಡೂ ಬದಿಗೆ ಕೂರಿಸಿದ ಆ ಉಕ್ಕಿನ ಪಟ್ಟಿ ಸುಮಾರು 2 ಮಿಲಿಮೀಟರ್ ಮಾತ್ರ ಇರುವುದರಿಂದ, ಹರಿತ ತಗ್ಗಿದಾಗಲೆಲ್ಲ ಯಂತ್ರಕ್ಕೆ ಕೊಟ್ಟರೆ ಸ್ಕೀಯ ಆಯುಸ್ಸೇ ಸವೆಯುತ್ತದೆ. ಪ್ರತಿ ಅಭ್ಯಾಸದ ನಂತರ ಗೈಡ್‌ಗೆ (ಕೋನ ತಪ್ಪದಂತೆ ಹಿಡಿದಿಡುವ ಸಾಧನಕ್ಕೆ) ಸಿಕ್ಕಿಸಿದ ಡೈಮಂಡ್ ಕಲ್ಲನ್ನು ಪಕ್ಕದ ಅಂಚಿನ ಮೇಲೆ ಕೆಲವು ಬಾರಿ ಎಳೆದರೆ ಅತ್ಯಲ್ಪ ಉಕ್ಕು ಹೋಗಿ ಹರಿತ ಉಳಿಯುತ್ತದೆ. ಬಂಡೆ ತಾಗಿದ ಜಾಗದಲ್ಲಿ ಉಕ್ಕು ಗಡುಸಾಗಿ ಅರ ಕಚ್ಚದೆ ಜಾರುತ್ತದೆ. ಅಂಥಲ್ಲಿ ಮೊದಲು ಡೈಮಂಡ್ ಕಲ್ಲಿನಿಂದ ಆ ಗಡುಸನ್ನು ತೆಗೆದು, ಅನಂತರವೇ ಅರ ಹಿಡಿಯಬೇಕು. ಇಂಥ ಸೂಕ್ಷ್ಮ ಕೈಗೆ ಕೂಡಲೇ ತಿಳಿಯುತ್ತದೆ, ಆದ್ದರಿಂದಲೇ ನಾನು ಕೈಕೆಲಸದ ಪರ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಪಕ್ಕದ ಅಂಚನ್ನು, ಸಾಮಾನ್ಯವಾಗಿ ತಳದ ಲಂಬದಿಂದ 3 ಡಿಗ್ರಿ ಓರೆ ಇರುವುದನ್ನು, ಮನೆಯಲ್ಲಿ ಧೈರ್ಯವಾಗಿ ಮಸೆಯಬಹುದು. ತಳದ ಕಡೆಯ ಅಂಚಿಗೆ ಮಾತ್ರ ಅರ ಹಾಕಬೇಡಿ. ಅಲ್ಲಿ ತಳದ ಮಟ್ಟದಿಂದ 0.5 ಡಿಗ್ರಿ ಓರೆ ಇದ್ದದ್ದು ಅರಿವಿಲ್ಲದೆಯೇ 1 ಡಿಗ್ರಿ ದಾಟಿದರೆ ಗಟ್ಟಿ ಮಂಜುಗಡ್ಡೆಯ ಮೇಲೆ ಸ್ಕೀ ತಡವಾಗಿ ಕಚ್ಚುತ್ತದೆ, ಮತ್ತು ಕೋನವನ್ನು ಹಿಂದಕ್ಕೆ ತರಲು ಇಡೀ ತಳವನ್ನೇ ಯಂತ್ರದಲ್ಲಿ ತೇಯಿಸುವುದರ ಹೊರತು ದಾರಿಯಿಲ್ಲ.

ಉತ್ತರ 3:
ನಾನು ಯಂತ್ರದ ಪರವಾಗಿ ಒಂದು ಮಾತು ಹೇಳಬಯಸುತ್ತೇನೆ. ನೀರು ಹಾಯಿಸುತ್ತ ಸೆರಾಮಿಕ್ ಡಿಸ್ಕ್‌ನಿಂದ ಅಂಚು ತೀಡುವ ಈಗಿನ ಯಂತ್ರಗಳ ಕೆಲಸ, ಅಭ್ಯಾಸವಿಲ್ಲದ ಕೈಯ ಕೆಲಸಕ್ಕಿಂತ ಖಂಡಿತ ಮೇಲು. ಆದ್ದರಿಂದ ಋತುವಿನ ಆರಂಭದಲ್ಲಿ ಎರಡೂ ಕೋನಗಳನ್ನು ಅಲ್ಲೇ ಹಾಕಿಸಿಕೊಳ್ಳಿ, ಎಷ್ಟು ಡಿಗ್ರಿ ಎಂಬುದನ್ನು ಅಂಗಡಿಯವರಿಂದ ಬರೆಸಿಕೊಳ್ಳಿ, ಮನೆಗೆ ಕೊಳ್ಳುವ ಗೈಡ್ ಪಕ್ಕದ ಅಂಚಿನ ಅದೇ ಕೋನದ್ದಾಗಿರಲಿ. ಮಸೆಯುವ ಮೊದಲು ಪಕ್ಕದ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದರೆ, ಕಲ್ಲು ಅಂಚಿನ ಪೂರ್ತಿ ಅಗಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬುದು ಮೊದಲ ಎಳೆತದಲ್ಲೇ ಗೊತ್ತಾಗುತ್ತದೆ.