ಸಹಾಯ ಬೇಕು: ನೀರೊಳಗೆ ಒಂದಕ್ಕೆ ಬಂದ್ರೆ ಏನ್ ಮಾಡ್ತೀರಿ?

ನಗಬೇಡಿ, ಕೇಳೋಕೆ ನಂಗೂ ನಾಚಿಕೆನೇ.

ಹೋದ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗಿದ್ದೆ. ದಡ ಬಿಡೋ ಮುಂಚೆ ಎರಡು ಲೋಟ ಚಹಾ ಕುಡಿದದ್ದೇ ತಪ್ಪಾಯ್ತು. ಬೋಟಲ್ಲಿ ಟಾಯ್ಲೆಟ್ ಇಲ್ಲ. ನೀರಿಗಿಳಿದು ಹತ್ತು ನಿಮಿಷ ಆಗಿಲ್ಲ, ತಡೆಯೋಕಾಗದಷ್ಟು ಅವಸರ! ಕಣ್ಣೆದುರಿಗೆ ಗಿಳಿಮೀನಿನ ಹಿಂಡು, ನನ್ನ ಧ್ಯಾನವೆಲ್ಲ ಹೊಟ್ಟೆ ಕೆಳಗೆ.

ಆಮೇಲೆ ಓದಿದಾಗ ಗೊತ್ತಾಯ್ತು, ಬರೀ ಚಹಾದ ತಪ್ಪಲ್ಲ. ನೀರಿನ ಒತ್ತಡಕ್ಕೆ, ತಂಪಿಗೆ ಕೈಕಾಲಿನ ರಕ್ತ ಎದೆ ಕಡೆ ಸರಿಯುತ್ತೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ದೇಹ ಮೋಸಹೋಗಿ ಕಿಡ್ನಿಗೆ ಕೆಲಸ ಹಚ್ಚುತ್ತೆ. ಹಾಗಂತ ನೀರು ಕುಡಿಯದೆ ಇಳಿಯೋ ಹಾಗೂ ಇಲ್ಲ, ಡೀಕಂಪ್ರೆಶನ್ ಕಾಯಿಲೆಯ (ಮೇಲೇರುವಾಗ ಮೈಯೊಳಗೆ ಸಾರಜನಕದ ಗುಳ್ಳೆ ಏಳೋದು) ಅಪಾಯ ಹೆಚ್ಚಬಹುದಂತೆ.

ಈಗ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಓಪನ್ ವಾಟರ್ ಅನ್ನೋ ಸ್ಕೂಬಾದ ಮೊದಲ ಹಂತದ ಕೋರ್ಸ್ ಮಾಡ್ತಿದೀನಿ, ಸಮುದ್ರದಲ್ಲೇ ನಾಲ್ಕು ಡೈವ್. "ವೆಟ್‌ಸೂಟಲ್ಲೇ ಬಿಟ್ಬಿಡು, ಎಲ್ಲರೂ ಮಾಡೋದೇ" ಅಂತಾನೆ ಸ್ನೇಹಿತ. ಆದರೆ ಮೈಗಂಟೋ ಆ ರಬ್ಬರ್ ಸೂಟು ಬಾಡಿಗೆದು ಮಾರಾಯ್ರೇ! ನಾಳೆ ಇನ್ಯಾರೋ ಹಾಕೋದು. ಕುತ್ತಿಗೆ ಹತ್ರ ಎಳೆದು ಒಳಗೆ ಸಮುದ್ರದ ನೀರು ಹಾಯಿಸಿದ್ರೆ ಸಾಕಾ, ವಾಸನೆ ಉಳಿಯಲ್ವಾ? ಒಳಗೆ ನೀರೇ ಹೋಗದ ಡ್ರೈಸೂಟಿನವರು ಡೈಪರ್ ಹಾಕ್ತಾರಂತೆ, ಇಲ್ಲವೇ ಹೊರಕ್ಕೆ ನಳಿಕೆ ಇರೋ ಪಿ-ವಾಲ್ವ್. ನಮ್ಮ ಬೆಚ್ಚಗಿನ ನೀರಿಗೆ ಅದೆಲ್ಲ ಯಾಕೆ.

ಡೈವ್‌ಗೆ ಎಷ್ಟು ಹೊತ್ತು ಮುಂಚೆ ನೀರು ಕುಡಿಯೋದು ನಿಲ್ಲಿಸ್ತೀರಿ? ಎರಡು ಡೈವ್ ನಡುವೆ ಬೋಟಿಂದ ಸಮುದ್ರಕ್ಕಿಳಿದು ಮುಗಿಸ್ತೀರಾ? ಹೆಣ್ಣುಮಕ್ಕಳು ಹೇಳಿದ್ರೆ ಇನ್ನೂ ಉಪಕಾರ. ಇನ್‌ಬಾಕ್ಸಾದ್ರೂ ಸರಿ.