ಇಲಿಯ ಟಿ ಕೋಶಗಳಲ್ಲಿ ಜಿಎಫ್‌ಪಿ ಹೊಳಪು ಒಂಬತ್ತನೇ ದಿನಕ್ಕೆ ಕುಸಿಯುತ್ತಿದೆ

ಪ್ರಶ್ನೆ (ಮಂಗಳೂರು):
ನಮಸ್ಕಾರ. ಇಲಿಯ ಗುಲ್ಮದಿಂದ ತೆಗೆದ ಟಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳು), ಅವುಗಳ ಮೇಲ್ಮೈಯ ಸಿಡಿ3, ಸಿಡಿ28 ಪ್ರೋಟೀನುಗಳಿಗೆ ಅಂಟುವ ಪ್ರತಿಕಾಯಗಳಿಂದ 24 ಗಂಟೆ ಪ್ರಚೋದಿಸಿ, ರೆಟ್ರೊನೆಕ್ಟಿನ್ (ವೈರಸ್ಸನ್ನೂ ಕೋಶವನ್ನೂ ಹತ್ತಿರ ತರುವ ಪ್ರೋಟೀನ್) ಲೇಪಿಸಿದ ತಟ್ಟೆಯಲ್ಲಿ, ನನ್ನ ಜೀನನ್ನೂ ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೋಟೀನಿನ ಜೀನನ್ನೂ ಹೊತ್ತ ಎಂಎಸ್‌ಸಿವಿ ರೆಟ್ರೊವೈರಸ್ ಸೇರಿಸುತ್ತೇನೆ. ವೈರಸ್ ತಯಾರಿಸಿದ್ದು ಅದಕ್ಕೆಂದೇ ಬಳಸುವ ಪ್ಲಾಟ್-ಇ ಕೋಶಗಳಲ್ಲಿ. ಮೂರನೇ ದಿನ ಶೇ. 62ರಷ್ಟು ಕೋಶಗಳು ಹಸಿರಾಗಿದ್ದವು, ಒಂಬತ್ತನೇ ದಿನ ಶೇ. 35. ಪೋಷಣೆಗೆ ಐಎಲ್-2 (ಟಿ ಕೋಶಗಳನ್ನು ಬೆಳೆಸುವ ಸಂಕೇತ ಪ್ರೋಟೀನ್) ಮಾತ್ರ. ಮೊನ್ನೆಯ ಮಳೆಗೆ ವಿದ್ಯುತ್ ಹೋಗಿ ಮೈನಸ್ 80 ಫ್ರೀಜರ್ ಒಂದು ರಾತ್ರಿ ನಿಂತಿತ್ತು. ವೈರಸ್ ಕೆಟ್ಟಿರಬಹುದೇ?

ಉತ್ತರ (ಮಣಿಪಾಲ):
ಫ್ರೀಜರನ್ನು ದೂರಬೇಡಿ. ವೈರಸ್ ಕರಗಿ ಕೆಟ್ಟಿದ್ದರೆ ಮೂರನೇ ದಿನವೇ ಅಂಕಿ ನೆಲ ಕಚ್ಚುತ್ತಿತ್ತು. ಒಮ್ಮೆ ಜೀನೋಮಿನೊಳಗೆ ಸೇರಿದ ಮೇಲೆ ಬಾಟಲಿಯಲ್ಲಿ ಉಳಿದ ವೈರಸ್ಸಿನ ಗತಿ ಏನಾದರೂ ಈ ಕೋಶಗಳಿಗೆ ಸಂಬಂಧವಿಲ್ಲ.

ಶೇಕಡಾವಾರು ಬಿಡಿ, ಫ್ಲೋ ಸೈಟೋಮೀಟರಿನ ಹಿಸ್ಟೊಗ್ರಾಮ್ (ಯಾವ ಹೊಳಪಿನ ಕೋಶಗಳು ಎಷ್ಟಿವೆ ಎಂಬ ನಕ್ಷೆ) ನೋಡಿ. ಹಸಿರು ದಿಬ್ಬ ಇದ್ದಲ್ಲೇ ಇದ್ದು ಕುಗ್ಗಿದ್ದರೆ ಆ ಕೋಶಗಳು ಸಾಯುತ್ತಿವೆ, ಇಲ್ಲವೇ ವೈರಸ್ ತಗಲದ ಕೋಶಗಳು ಅವುಗಳಿಗಿಂತ ವೇಗವಾಗಿ ಬೆಳೆಯುತ್ತಿವೆ. ದಿಬ್ಬವೇ ಇಡಿಯಾಗಿ ಎಡಕ್ಕೆ ಜಾರಿದ್ದರೆ ಕೋಶಗಳು ಮಂಕಾಗಿವೆ. ಹಸಿರೆಂದು ಎಣಿಸಲು ನೀವು ಎಳೆದ ಗೇಟಿನ ಗೆರೆಯ ಕೆಳಗೆ ಇಳಿದವುಗಳನ್ನು ನೀವು ಕಳೆದುಹೋದವೆಂದು ಎಣಿಸುತ್ತಿದ್ದೀರಿ.

ಸೂಕ್ಷ್ಮದರ್ಶಕದಲ್ಲೂ ಇದು ಕಾಣುತ್ತದೆ. ಎರಡು-ಮೂರನೇ ದಿನ ಕೋಶಗಳು ಉಬ್ಬಿ, ಶಂಕರಪುರದ ಮಲ್ಲಿಗೆ ಚೆಂಡಿನಂತೆ ಒತ್ತೊತ್ತಾಗಿ ಗುಂಪುಗೂಡಿರುತ್ತವೆ. ಒಂಬತ್ತನೇ ದಿನ ಗುಂಪು ಚದುರಿ, ಪ್ರತಿ ಕೋಶವೂ ಸಣ್ಣದಾಗಿರುತ್ತದೆ. ಸಣ್ಣ ಕೋಶದಲ್ಲಿ ಪ್ರೋಟೀನೂ ಕಡಿಮೆ. ಪ್ರಚೋದನೆ ಇಳಿದಾಗ ಎಲ್‌ಟಿಆರ್ ಪ್ರೊಮೋಟರಿನ (ಸೇರಿಸಿದ ಜೀನನ್ನು ನಡೆಸುವ ವೈರಸ್ಸಿನ ಡಿಎನ್‌ಎ ಭಾಗ) ಚಟುವಟಿಕೆಯೂ ಇಳಿಯುತ್ತದೆ.

ಅರ್ಧ ಕೋಶಗಳನ್ನು ಮತ್ತೆ ಸಿಡಿ3, ಸಿಡಿ28ರಿಂದ ಪ್ರಚೋದಿಸಿ 48 ಗಂಟೆಗಳ ನಂತರ ಅಳೆಯಿರಿ. ಹೊಳಪು ಮರಳದಿದ್ದರೆ, ಮೂರನೇ ದಿನ ಹಸಿರು ಕೋಶಗಳನ್ನಷ್ಟೇ ಬೇರ್ಪಡಿಸಿ ಬೆಳೆಸಿ, ಆಮೇಲೆ ಕ್ಯೂಪಿಸಿಆರ್‌ನಲ್ಲಿ (ಡಿಎನ್‌ಎ ಪ್ರಮಾಣ ಅಳೆಯುವ ವಿಧಾನ) ವೆಕ್ಟರ್, ಅಂದರೆ ವೈರಸ್ ಸೇರಿಸಿದ ಡಿಎನ್‌ಎ, ಎಷ್ಟು ಪ್ರತಿ ಇದೆಯೆಂದು ಎಣಿಸಿ. ಪ್ರತಿ ಇದ್ದೂ ಬೆಳಕಿಲ್ಲದಿದ್ದರೆ ಎಲ್‌ಟಿಆರ್‌ನ ಮಿಥೈಲೀಕರಣವನ್ನು (ಡಿಎನ್‌ಎಗೆ ರಾಸಾಯನಿಕ ಗುರುತು ಬಿದ್ದು ಜೀನ್ ಮುಚ್ಚಿಹೋಗುವುದು) ಶಂಕಿಸಬೇಕು. ಖಾಲಿ ವೆಕ್ಟರ್ (ನಿಮ್ಮ ಜೀನ್ ಇಲ್ಲದೆ ಜಿಎಫ್‌ಪಿ ಮಾತ್ರ ಇರುವುದು) ಹಾಕಿದ ಕೋಶಗಳನ್ನು ಜೊತೆಗಿಡುವುದನ್ನು ದಯವಿಟ್ಟು ತಪ್ಪಿಸಬೇಡಿ. ನಿಮ್ಮ ಜೀನ್ ಕೋಶಕ್ಕೆ ವಿಷವಾಗಿದೆಯೇ ಎಂದು ತಿಳಿಯಲು ಅದೇ ಆಧಾರ.

ಪ್ರಶ್ನೆ ಕೇಳಿದವರು, ಐದು ದಿನಗಳ ನಂತರ:
ದಿಬ್ಬವೇ ಜಾರಿತ್ತು ಸರ್. ಮರುಪ್ರಚೋದನೆಯ ಬಳಿಕ ಬಹುತೇಕ ಹಳೆಯ ಜಾಗಕ್ಕೆ ಬಂತು. ಖಾಲಿ ವೆಕ್ಟರಿನಲ್ಲೂ ಹೀಗೆಯೇ. ತುಂಬಾ ಉಪಕಾರವಾಯಿತು. ಮುಂದಿನ ಸಲ ಐಎಲ್-2ರಂಥವೇ ಆದ ಐಎಲ್-7, ಐಎಲ್-15 ಕೊಡಲೇ?

ಉತ್ತರ (ಮಣಿಪಾಲ):
ಕೊಡಿ, ಕೋಶಗಳು ಹೆಚ್ಚು ದಿನ ಬದುಕುತ್ತವೆ. ಆದರೆ ಮೂರನೇ ದಿನದ ಹೊಳಪನ್ನು ನಿರೀಕ್ಷಿಸಬೇಡಿ. ಇನ್ನೊಂದು ಮಾತು: ನಿಮ್ಮ ಜಿಎಫ್‌ಪಿ ಐಆರ್‌ಇಎಸ್‌ನ (ಒಂದೇ ಆರ್‌ಎನ್‌ಎಯಿಂದ ಎರಡನೇ ಪ್ರೋಟೀನನ್ನೂ ತಯಾರಿಸಲು ನಡುವೆ ಇಡುವ ತುಣುಕು) ನಂತರ ಇದ್ದರೆ ಅದು ಐಆರ್‌ಇಎಸ್‌ಗಿಂತ ಮೊದಲಿರುವ ಜೀನಿಗಿಂತ ಸಾಮಾನ್ಯವಾಗಿ ಮಂಕೇ. ನಿಮಗೆ ಬೇಕಾದದ್ದು ಕೋಶದ ಮೇಲ್ಮೈಯ ಗ್ರಾಹಕವಾದರೆ ಅದಕ್ಕೇ ನೇರವಾಗಿ ಪ್ರತಿಕಾಯ ಹಾಕಿ ಅಳೆಯಿರಿ.